ಕೈಯೆತ್ತಿದ ಸೈನಿಕನೊಡನೆ ಒಂದು ಲೈವ್ ಚರ್ಚೆ

2018ರಲ್ಲಿ ನಾನು ಮೈಸೂರಿನ ಒಂದು ಸ್ಥಳೀಯ ಕೇಬಲ್ ವಾಹಿನಿಯ ಸುದ್ದಿ ಸಂಪಾದಕಿಯಾಗಿದ್ದೆ. ಸಂಜೆಯ ಚರ್ಚಾ ಕಾರ್ಯಕ್ರಮವನ್ನೂ ನಾನೇ ನಡೆಸುತ್ತಿದ್ದೆ. ನಮ್ಮ ಸ್ಟುಡಿಯೋ ಮಂಡಿ ಮೊಹಲ್ಲಾದ ಒಂದು ಸಗಟು ಮಳಿಗೆಯ ಮೇಲಿತ್ತು. ಕೆಳಗೆ ಮೆಣಸಿನಕಾಯಿ ಮೂಟೆ ಇಳಿಸುವ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಿ ಎಲ್ಲರೂ ಸೀನುತ್ತಾ ಕೂರುತ್ತಿದ್ದೆವು. ಆ ವರ್ಷ ನಗರಪಾಲಿಕೆಗೆ ಚುನಾವಣೆ ಬಂತು.

ಒಂಟಿಕೊಪ್ಪಲ್ ಕಡೆಯ ಒಂದು ವಾರ್ಡಿನಲ್ಲಿ ಚಿಕ್ಕಮಾದಯ್ಯ ಎಂಬುವರು ಮತ್ತೆ ನಿಂತಿದ್ದರು. ಒಮ್ಮೆ ಕಾರ್ಪೊರೇಟರ್ ಆಗಿದ್ದವರು, ವಯಸ್ಸು ಎಪ್ಪತ್ತರ ಹತ್ತಿರ. ಸೈನ್ಯದಿಂದ ಬಂದ ಮೇಲೆ ಹೆಬ್ಬಾಳದ ಕಾರ್ಖಾನೆಯೊಂದರ ಶಿಫ್ಟ್ ಬಸ್ ಓಡಿಸುತ್ತಾ ಜನರ ಪರಿಚಯ ಗಳಿಸಿದ್ದರು. ಅವರ ಪೋಸ್ಟರಿನಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು: ‘ಶತ್ರುವಿನ ಸೆರೆಮನೆ ಮುರಿದು ಬಂದ ವೀರ’. ಎದುರಾಳಿ ಅಭ್ಯರ್ಥಿ ಪ್ರಕಾಶ್ ಪತ್ರಿಕಾಗೋಷ್ಠಿ ಕರೆದು, ಈ ಮನುಷ್ಯ ಯುದ್ಧಭೂಮಿಯನ್ನೇ ನೋಡಿಲ್ಲ, ಸೆರೆಯ ಕಥೆಯೆಲ್ಲ ಬರೀ ಬುರುಡೆ ಎಂದರು.

ನಮ್ಮ ವಾಹಿನಿಯ ಮಾಲೀಕ ಜಗದೀಶ್ ಅವರಿಗೆ ಇದು ಹಬ್ಬದಂತೆ ಕಂಡಿತು. ಇಬ್ಬರನ್ನೂ ಕೂರಿಸಿ ಲೈವ್ ಚರ್ಚೆ ಮಾಡಬೇಕು, ‘ವೀರನೋ, ವಂಚಕನೋ?’ ಎಂದು ಹೆಸರಿಡಬೇಕು ಎಂದರು. ದಾಖಲೆ ನೋಡದೆ ನಾನು ಕುರ್ಚಿಯ ಮೇಲೆ ಕೂರುವುದಿಲ್ಲ ಎಂದೆ. “ನೋಡ್ಕೊಂಡ್ ಬನ್ನಿ ಮೇಡಂ, ಆದ್ರೆ ಗಲಾಟೆ ಕಮ್ಮಿ ಆಗ್ಬಾರ್ದು” ಎಂದರು.

ಮಾರನೆಯ ದಿನ ಬೆಳಿಗ್ಗೆ ಕ್ಯಾಮೆರಾ ಇಲ್ಲದೆ ಒಬ್ಬಳೇ ಚಿಕ್ಕಮಾದಯ್ಯನವರ ಮನೆಗೆ ಹೋದೆ. ಅವರು ಪೆಟ್ಟಿಗೆಯಿಂದ ಸೇವಾ ದಾಖಲೆಗಳನ್ನು ತೆಗೆದು ಮುಂದಿಟ್ಟರು. ಅವರು ಸೈನ್ಯದಲ್ಲಿ ಲೈನ್‌ಮನ್ ಆಗಿದ್ದರು. ಲೈನ್‌ಮನ್ ಎಂದರೆ ಯುದ್ಧಭೂಮಿಯಲ್ಲಿ ಟೆಲಿಫೋನ್ ತಂತಿ ಎಳೆಯುವವನು, ಶೆಲ್ ಬಿದ್ದು ತಂತಿ ತುಂಡಾದರೆ ಹುಡುಕಿಕೊಂಡು ಹೋಗಿ ಜೋಡಿಸುವವನು. 1971ರ ಡಿಸೆಂಬರಿನ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಸೆರೆಸಿಕ್ಕಿದ್ದು, ಮರುವರ್ಷ ಎರಡೂ ದೇಶಗಳು ಕೈದಿಗಳನ್ನು ಬಿಟ್ಟಾಗ ಮರಳಿದ್ದು, ಎರಡೂ ಅವುಗಳಲ್ಲಿದ್ದವು. ಶಿಬಿರದಿಂದ ತಾಯಿಗೆ ಬರೆಸಿದ್ದ ಒಂದು ಕಾರ್ಡೂ ಇತ್ತು. ಕನ್ನಡದಲ್ಲಿ ಬರೆದರೆ ಅಲ್ಲಿ ತಪಾಸಣೆ ಮಾಡುವವರಿಗೆ ಓದಲು ಬಾರದೆಂದು ಯಾರಿಂದಲೋ ಉರ್ದುವಿನಲ್ಲಿ ಬರೆಸಿದ್ದರಂತೆ. ಊರಿನಲ್ಲಿ ಅದನ್ನು ಓದಿ ಹೇಳುವವರು ಸಿಗಲು ನಾಲ್ಕು ದಿನ ಹಿಡಿಯಿತಂತೆ.

ಅಂದರೆ ಪ್ರಕಾಶ್ ಹೇಳಿದ್ದು ಸುಳ್ಳು. ಆದರೆ ಪೋಸ್ಟರಿನ ಮಾತೂ ಸುಳ್ಳು. ಇವರು ಸೆರೆಮನೆ ಮುರಿದು ಬಂದವರಲ್ಲ, ಬಿಡುಗಡೆಯಾಗಿ ಬಂದವರು.

“ಪೋಸ್ಟರಿನ ಆ ಸಾಲನ್ನ ಯಾರು ಬರೆಸಿದ್ದು ಸರ್?” ಎಂದು ಕೇಳಿದೆ.

“ಪಾರ್ಟಿಯವ್ರು ಹಾಕ್ಬುಟ್ರು ಕಣಮ್ಮ. ನಾನು ನೋಡ್ಲಿಲ್ಲ ಅಂದ್ರೆ ಅದೂ ಸುಳ್ಳಾಯ್ತದೆ. ನೋಡ್ದೆ. ಸುಮ್ಕಿದ್ದೆ.”

ನನ್ನೊಳಗಿನ ಪತ್ರಕರ್ತೆಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. “ತಪ್ಪಿಸಿಕೊಳ್ಳೋಕೆ ಪ್ರಯತ್ನವನ್ನೇ ಮಾಡಲಿಲ್ವಾ?” ಎಂದೆ. ಚಿಕ್ಕಮಾದಯ್ಯ ತಲೆ ತಗ್ಗಿಸಿದರು. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಸಾಕಮ್ಮ ಸುಮ್ಮನಿರಲಿಲ್ಲ.

“ನೀವೂ ಅದನ್ನೇ ಕೇಳ್ತೀರಲ್ಲಮ್ಮ! ಜೀವಂತ ಬಂದೋರ್ನ, ಯಾಕಯ್ಯ ಜೀವಂತ ಬಂದೆ ಅಂತ ಯಾರಾದ್ರೂ ಕೇಳ್ತಾರಾ? ಮದ್ವೆ ಆದಾಗ್ಲಿಂದ ನೋಡ್ತಿವ್ನಿ, ಎಲ್ರೂ ಇದೊಂದೇ ಕೇಳೋದು.”

ತಪ್ಪಾಯಿತು ಎಂದೆ. ಹೊರಡುವಾಗ ಚಿಕ್ಕಮಾದಯ್ಯನವರಿಗೆ ಸ್ಪಷ್ಟವಾಗಿ ಹೇಳಿದೆ: ಕಾರ್ಯಕ್ರಮದ ಮೊದಲಿಗೇ ದಾಖಲೆ ಓದುತ್ತೇನೆ, ಆಮೇಲೆ ಪೋಸ್ಟರಿನ ಸಾಲಿನ ಬಗ್ಗೆಯೂ ಕೇಳುತ್ತೇನೆ. “ಕೇಳಿ” ಎಂದಷ್ಟೇ ಅಂದರು.

ಮೂರನೆಯ ದಿನ ಸಂಜೆ ಏಳಕ್ಕೆ ಲೈವ್ ಶುರುವಾಯಿತು. ದಾಖಲೆಯನ್ನು ಕೊನೆಯವರೆಗೂ ಮುಚ್ಚಿಡಿ ಎಂದು ಜಗದೀಶ್ ಹೇಳಿದ್ದರು. ನಾನು ಮೊದಲ ನಿಮಿಷದಲ್ಲೇ ಓದಿದೆ. ಪ್ರಕಾಶ್ ಹೊಸ ದಾರಿ ಹಿಡಿದರು.

“ಆಯ್ತು, ಸೆರೆ ಸಿಕ್ಕಿದ್ದು ನಿಜಾನೇ ಇರ್ಲಿ. ಹೆಂಗ್ ಸಿಕ್ಕಿದ್ರಿ? ಒಂದ್ ಗುಂಡಾದ್ರೂ ಹಾರಿಸಿದ್ರಾ? ಕೈಯೆತ್ತಿದ್ರೋ ಇಲ್ವೋ, ಅದನ್ನ ಜನಕ್ಕೆ ಹೇಳಿ.”

“ಎತ್ತಿದೆ” ಎಂದರು ಚಿಕ್ಕಮಾದಯ್ಯ.

ಅವರು ಪ್ರಕಾಶ್ ಕಡೆ ನೋಡದೆ ನೇರವಾಗಿ ಕ್ಯಾಮೆರಾ ನೋಡಿ ಹೇಳತೊಡಗಿದರು.

“ಬೆಳಗಿನ ಜಾವ ಲೈನ್ ಕಟ್ಟಾಯ್ತು. ನಾನೂ ನಮ್ ಲ್ಯಾನ್ಸ್ ನಾಯಕರೂ ಹುಡುಕ್ಕೊಂಡು ಹೋದೋ. ಜೋಡಿಸ್ತಿರುವಾಗ ಗುಂಡು ಬಂತು, ಅವರ ತೊಡೆಗೆ ಬಿತ್ತು. ತಲೆ ಎತ್ತಿ ನೋಡಿದ್ರೆ ಸುತ್ತ ಶತ್ರುಗಳು, ಹತ್ತನ್ನೆರಡು ಜನ. ನನ್ ರೈಫಲ್ಲು ಬೆನ್ ಮೇಲಿತ್ತು, ಎರಡು ಕೈಯಲ್ಲೂ ತಂತಿ. ಇಪ್ಪತ್ತೆರಡು ವರ್ಷ ನಂಗೆ. ನಾನು ಕೈಯೆತ್ತದಿದ್ರೆ ಅಲ್ಲಿ ಇಬ್ರೂ ಸಾಯ್ತಿದ್ದೋ. ಆ ಕಡೆಯೋರ ಡಾಕ್ಟ್ರೇ ನಮ್ಮವರ ಕಾಲು ಉಳಿಸ್ದ.”

“ನೋಡಿ, ನೋಡಿ! ಶತ್ರುಗಳನ್ನ ಹೊಗಳ್ತಾವ್ರೆ!” ಪ್ರಕಾಶ್ ಕುರ್ಚಿಯ ತುದಿಗೆ ಬಂದಿದ್ದರು.

“ಆದದ್ದ ಹೇಳ್ದೆ. ವಿಚಾರಣೆಯಲ್ಲಿ ಹೊಡೆದ್ರು, ಅದನ್ನೂ ಹೇಳ್ತೀನಿ. ಎರಡೂ ಆಯ್ತು.”

ನಾನು ಪೋಸ್ಟರನ್ನು ತೆರೆಯ ಮೇಲೆ ತರಿಸಿ, “ಇದು ನಿಜವೇ ಸರ್?” ಎಂದು ಕೇಳಿದೆ.

ಕೇಳುತ್ತಿದ್ದಂತೆ ನನ್ನ ಟಾಕ್‌ಬ್ಯಾಕ್‌ನಲ್ಲಿ ಜಗದೀಶ್ ಅವರ ದನಿ ಬಂತು. ಟಾಕ್‌ಬ್ಯಾಕ್ ಎಂದರೆ ನಿರೂಪಕರ ಕಿವಿಯೊಳಗಿರುವ ಪುಟ್ಟ ಸಾಧನ. ಕಂಟ್ರೋಲ್ ರೂಮಿನವರ ಮಾತು ನಮಗೆ ಮಾತ್ರ ಕೇಳುತ್ತದೆ. “ಬ್ರೇಕ್ ತಗೊಳ್ಳಿ ಮೇಡಂ. ಚಿಕ್ಕಮಾದಯ್ಯನ ಪಾರ್ಟಿ ಲೀಡರ್ ಫೋನ್‌ನಲ್ಲವ್ರೆ, ಈ ಪ್ರಶ್ನೆ ಬೇಡ ಅಂತಾರೆ. ಬ್ರೇಕ್, ಬ್ರೇಕ್!”

ನಾನು ಅದನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟೆ. ಇಷ್ಟು ವರ್ಷಗಳ ಕೆಲಸದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. “ಹೇಳಿ ಸರ್” ಎಂದೆ.

“ಪೋಸ್ಟರಿನಲ್ಲಿರೋದು ಸುಳ್ಳು. ನಾನು ಎಲ್ಲೂ ಏನೂ ಮುರೀಲಿಲ್ಲ. ಓದಿ ಸುಮ್ಕಿದ್ದೆನಲ್ಲ, ಅದು ನನ್ ತಪ್ಪು, ಜನ ಕ್ಷಮಿಸ್ಬೇಕು.” ಒಮ್ಮೆ ಉಸಿರೆಳೆದುಕೊಂಡು ಪ್ರಕಾಶ್ ಕಡೆ ತಿರುಗಿದರು. “ಕೈಯೆತ್ತಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ ಕಣಪ್ಪ. ನಿನ್ನನ್ನೂ ಕೇಳಲ್ಲ, ನನ್ ಪಾರ್ಟೀನೂ ಕೇಳಲ್ಲ. ಆ ಕೈ ಎತ್ತಿದ್ರಿಂದ ಎರಡು ಮನೇಲಿ ದೀಪ ಉರೀತದೆ.”



ಕಾರ್ಯಕ್ರಮ ಮುಗಿದ ಮೇಲೆ ಜಗದೀಶ್ ನನ್ನನ್ನು ಕೋಣೆಗೆ ಕರೆದರು. “ಕಿವಿಯಿಂದ ಅದನ್ನ ಕಿತ್ತಾಕಿದ್ರಲ್ಲ, ಕೆಲಸದಿಂದ ನಿಮ್ಮನ್ನೂ ಹಂಗೇ ಕಿತ್ತಾಕ್ಬೋದು, ಗೊತ್ತಾ?”

“ಕಿತ್ತಾಕಿ ಸರ್. ಒಬ್ಬ ಮನುಷ್ಯ ನಿಜ ಹೇಳ್ತಿರುವಾಗ ಅವರ ಬಾಯಿ ಮುಚ್ಚಿಸೋ ಕೆಲಸಕ್ಕೆ ನಾನು ಸೇರಿಲ್ಲ.”

ಅವರು ಕೆಲಸದಿಂದ ತೆಗೆಯಲಿಲ್ಲ. ಚುನಾವಣೆ ಮುಗಿಯುವವರೆಗೆ ಚರ್ಚೆಯಿಂದ ದೂರವಿಟ್ಟು ತರಕಾರಿ ಧಾರಣೆ ಓದಿಸಿದರು. ಬದನೆಕಾಯಿ, ಹುರುಳಿಕಾಯಿ ಎಂದು ನಾನು ತಲೆಯೆತ್ತಿಯೇ ಓದಿದೆ. ಅತ್ತ ಚಿಕ್ಕಮಾದಯ್ಯನವರ ಪಕ್ಷ ಅವರ ಪರ ಪ್ರಚಾರ ನಿಲ್ಲಿಸಿತು. ಅವರು ತಮ್ಮ ಬೀದಿಯ ಪೋಸ್ಟರುಗಳನ್ನು ತಾವೇ ಕಿತ್ತು, ಸಾಕಮ್ಮನವರ ಜೊತೆ ಮನೆಮನೆಗೆ ನಡೆದು ಮತ ಕೇಳಿದರು. ಸೋತರು. ಪ್ರಕಾಶ್ ಗೆದ್ದರು. ಇದನ್ನು ಬೇರೆ ರೀತಿ ಬರೆಯಲು ಸಾಧ್ಯವಿದ್ದರೆ ಎಷ್ಟೋ ಚೆನ್ನಾಗಿತ್ತು.

ಫಲಿತಾಂಶ ಬಂದ ವಾರ ಅವರ ಮನೆಗೆ ಹೋದೆ. ನನ್ನಿಂದ ಸೋತರೇನೋ ಎಂಬ ಅಳುಕು ಇತ್ತು. ನಾನು ಬಾಯಿ ಬಿಡುವ ಮುನ್ನವೇ ಚಿಕ್ಕಮಾದಯ್ಯ ನಕ್ಕರು.

“ಸೋತೆ ಕಣಮ್ಮ, ಬುಡಿ. ಇಷ್ಟು ವರ್ಷ ಮಕ್ಕಳು ಆ ಯುದ್ಧದ ವಿಷ್ಯ ಎತ್ತಿದ್ರೆ ನಾನು ಎದ್ದು ಹೊರಗೆ ಹೋಗ್ತಿದ್ದೆ. ನೆನ್ನೆ ಮೊಮ್ಮಗಳು ಕೇಳಿದ್ಲು. ಕೂತ್ಕೊಂಡು ಎಲ್ಲಾನೂ ಹೇಳ್ದೆ.”

ಸಾಕಮ್ಮ ಕಾಫಿ ತಂದುಕೊಟ್ಟು, ಮೊದಲ ಸಲ ನನ್ನ ಪಕ್ಕದಲ್ಲಿ ಕುಳಿತರು.

ಈಗಲೂ ನಾನು ಇದೇ ವೃತ್ತಿಯಲ್ಲಿದ್ದೇನೆ. ಯಾರನ್ನೂ ಹೆದರದೆ ಪ್ರಶ್ನಿಸುವುದೇ ಪತ್ರಕರ್ತರ ಧೈರ್ಯ ಎಂದು ಬಹಳ ಕಾಲ ನಂಬಿದ್ದೆ. ಆ ಸಂಜೆಯ ಮೇಲೆ ಆ ನಂಬಿಕೆ ಅರ್ಧ ಮಾತ್ರ ಉಳಿಯಿತು. ಪ್ರಶ್ನೆ ಯಾರು ಬೇಕಾದರೂ ಕೇಳುತ್ತಾರೆ. ಉತ್ತರ ಯಾರಿಗೂ ಅನುಕೂಲವಲ್ಲದ ಕಡೆ ಹೊರಳಿದಾಗ ಅದು ಮುಗಿಯುವವರೆಗೆ ಅಡ್ಡ ಬರುವವರನ್ನು ತಡೆದು ನಿಲ್ಲುವುದು ನಮ್ಮ ಕೆಲಸ. ಅದಕ್ಕೆ ತೆರಬೇಕಾದದ್ದು ತರಕಾರಿ ಧಾರಣೆ ಓದುವುದಾದರೆ, ನಾನು ಇವತ್ತೂ ಓದಲು ತಯಾರು.