ಬಿಸಿ ಬೆಲ್ಲದ ನೀರು

ನನ್ನ ತಮ್ಮನ ಎಡಗಾಲು ಚಿಕ್ಕಂದಿನ ಜ್ವರದಲ್ಲಿ ಸೊರಗಿಹೋಗಿತ್ತು. ನೇಗಿಲ ಹಿಂದೆ ನಡೆಯಲು ಆಗುತ್ತಿರಲಿಲ್ಲ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಎತ್ತು ಹಿಡಿದವನು. ಅವನು ಹತ್ತರವರೆಗೆ ಓದಿದ. ಸೊಕ್ಕೆ ಊರಿನ ನಮ್ಮ ಮನೆಯಲ್ಲಿ ಅಪ್ಪ ಅವನಿಗೆ ಇಟ್ಟ ಹೆಸರು ‘ಕೂತುಣ್ಣೋನು’. ಊಟಕ್ಕೆ ಕರೆಯುವಾಗಲೂ ಅದೇ. ನಾನೂ ಹಾಗೇ ಕರೆಯುತ್ತಿದ್ದೆ. ಅವನು ನಗುತ್ತಿದ್ದ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಮುಂಗಾರಿಗೆ ಗ್ರಾಮಸೇವಕರು ಜಗಳೂರಿನಿಂದ ಒಂದು ಪೊಟ್ಟಣ ತಂದು ಅವನ ಕೈಗೆ ಕೊಟ್ಟರು. ಒಳಗೆ ಮಸಿಯಂಥ ಪುಡಿ. ಅದರಲ್ಲಿ ಮಣ್ಣಿನ ಜೀವಾಣುಗಳಿವೆ, ಜೋಳದ ಬೀಜಕ್ಕೆ ಹಚ್ಚಿ ಬಿತ್ತಿದರೆ ಬೇರಿನ ಸುತ್ತ ಬೆಳೆದು ಗಾಳಿಯ ಸಾರಜನಕವನ್ನು ಪೈರಿಗೆ ಉಣಿಸುತ್ತವೆ, ಯೂರಿಯಾ ಕಡಿಮೆ ಸಾಕು ಎಂದರು. ಈ ಸಲ ಹಚ್ಚಿಯೇ ಬಿತ್ತೋಣವೆಂದು ಅಪ್ಪನ ಮುಂದೆ ನನ್ನ ತಮ್ಮ ಪಟ್ಟುಹಿಡಿದು ಕೂತ.

"ಬಾವಿ ಮಗ್ಗುಲ ಪಟ್ಟಿ ನಿನಗೆ, ಅದಕ್ಕೆ ಅರ್ಧ ಯೂರಿಯಾ," ಎಂದ ಅಪ್ಪ. "ಉಳಿದ ಹೊಲಕ್ಕೆ ಎಂದಿನಂಗೆ. ಪೈರು ಸರಿಸಮ ಬಂತಾ, ಈ ಮನೆ ಬೀಜ ಗೊಬ್ಬರ ಎಲ್ಲಾ ನಿನ್ ಮಾತಿನಂಗೆ. ಬರ್ಲಿಲ್ವಾ, ಹೊನ್ನಾಳಿ ಗಿರಣ್ಯಾಗೆ ಚೀಲ ಹೊಲಿಯಾಕೆ ಹೋಗು. ಅಲ್ಲಿ ಕೂತ್ಕಂಡೇ ಉಣ್ಬೋದು."

ನಾನು ಬೆಳಗಿನಿಂದ ಕುಂಟೆ ಹೊಡೆದು ಬಂದು ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತಿದ್ದೆ. ನನ್ನ ಕಡೆ ತಿರುಗಿದ ಅಪ್ಪ, "ಅವನಿಗೆ ಕಾಲಿಲ್ದಿದ್ರೂ ತಲೆ ಐತೆ. ನಿನಗೇನೈತೋ?" ಎಂದ.

ಬಿತ್ತನೆಯ ಬೆಳಿಗ್ಗೆ ತಮ್ಮ ಹೇಳಿದ: "ಅಣ್ಣಾ, ಬೆಲ್ಲದ ನೀರು ಕುದಿಸಿ ಇಳಿಸು. ಪೂರಾ ಆರ್ಲಿ. ಬೆರಳು ಅದ್ದಿದ್ರೆ ತಣ್ಣಗಿರ್ಬೇಕು. ಬಿಸಿಗೆ ಪುಡಿ ಹಾಕಿದ್ರೆ ಎಲ್ಲಾ ಸಾಯ್ತವೆ." ಬೀಜ ಹರಡಲು ಗೋಣಿತಾಟು ಕೇಳಿ ತರುತ್ತೇನೆಂದು ಊರ ಆಚೆ ತುದಿಯ ಪಿಂಜಾರರ ಮನೆಗೆ ಹೊರಟ. ಅವನ ನಡಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿತ್ತು.

ಪಾತ್ರೆ ಇಳಿಸಿದೆ. ಬೆರಳು ಅದ್ದಿದೆ. ಚುರುಕ್ಕೆಂದಿತು. ಬೆರಳು ಚೀಪಿದೆ, ಸಿಹಿಯಾಗಿತ್ತು. ಆಮೇಲೆ ಪೊಟ್ಟಣ ಹರಿದು ಪೂರ್ತಿ ಸುರಿದು ಕೋಲಿನಿಂದ ತಿರುವಿದೆ. ಮರೆತೆ, ಅವಸರವಾಯಿತು ಎನ್ನಲು ಜಾಗವಿಲ್ಲ. ಹಬೆ ಏಳುವುದನ್ನು ನೋಡುತ್ತಲೇ ಸುರಿದೆ.

ಅವನು ಬರುವಷ್ಟರಲ್ಲಿ ಆರಿತ್ತು. ಬೆರಳದ್ದಿ ನೋಡಿ, "ಪುಡಿನೂ ಹಾಕ್ಬಿಟ್ಯಾ? ಹದ ಸರಿ ಐತೆ ಅಣ್ಣಾ," ಎಂದ. ಬೀಜಕ್ಕೆ ಹಚ್ಚಿ ಬೇವಿನ ನೆರಳಲ್ಲಿ ಹರಡಿದ. ಬಿಸಿಲು ತಾಕಿದರೂ ಜೀವಾಣು ಸಾಯುತ್ತವೆಂದು, ನೆರಳು ಸರಿದಂತೆಲ್ಲ ತೆವಳಿಕೊಂಡು ಹೋಗಿ ತಾಟು ಎಳೆದ. ಸತ್ತವನ್ನು ಅವನು ನೆರಳಲ್ಲಿ ಕಾಯುತ್ತಿದ್ದ. ನಾನು ರೊಟ್ಟಿ ತಿನ್ನುತ್ತ ನೋಡುತ್ತಿದ್ದೆ.

ತೆನೆ ಬರುವ ಹೊತ್ತಿಗೆ ಅವನ ಪಟ್ಟಿ ದೂರದಿಂದಲೇ ಗುರುತಾಗುತ್ತಿತ್ತು. ಎಲೆ ಹಳದಿ, ದಂಟು ಸಣ್ಣ. ಅಪ್ಪ ಊರವರನ್ನು ಕರೆದು ತೋರಿಸಿದ. "ನೋಡ್ರಿ, ನಮ್ಮ ವಿಜ್ಞಾನಿ ಬೆಳೆ!"

"ಪೈರೂ ಕುಂಟುತೈತಲ್ಲಪ್ಪೋ, ಬಿತ್ತಿಸ್ದೋನಂಗೇ!" ಎಂದರು ಯಾರೋ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ತಮ್ಮ ಒಂದು ಗಿಡ ಕಿತ್ತು ಬೇರು ನೋಡುತ್ತಿದ್ದ.

ಸುಗ್ಗಿ ಮುಗಿದ ವಾರವೇ ನಾನೇ ಅವನನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಬಿಟ್ಟು ಬಂದೆ. ತೌಡಿನ ಧೂಳಲ್ಲಿ ಕೂತು ದಬ್ಬಣ ಹಿಡಿದ. ಎರಡೇ ವರ್ಷಕ್ಕೆ ಕೆಮ್ಮು ಹಿಡಿಯಿತು.

ಮುಂದೆ ನಾನೂ ಅದೇ ಪೊಟ್ಟಣ ತಂದೆ. ಬೆಲ್ಲದ ನೀರು ಆರುವವರೆಗೆ ಕಾದೆ. ಅರ್ಧ ಯೂರಿಯಾಕ್ಕೇ ಜೋಳ ಸರಿಸಮ ಬಂತು. ಅಪ್ಪ ನನ್ನ ಬೆನ್ನು ತಟ್ಟಿದ. ಆ ಸುದ್ದಿ ಹೊನ್ನಾಳಿಗೆ ಮುಟ್ಟದಂತೆ ನೋಡಿಕೊಂಡೆ.

ವರ್ಷಕ್ಕೊಮ್ಮೆ ಅವನನ್ನು ನೋಡಲು ಹೋಗುತ್ತಿದ್ದೆ. ಪ್ರತಿಸಲ ಅದೇ ಪ್ರಶ್ನೆ: "ಅಣ್ಣಾ, ಎಲ್ಲಿ ತಪ್ಪಿದ್ನೋ ಗೊತ್ತಾಗ್ಲಿಲ್ಲ. ನೆರಳು ಸಾಲ್ಲಿಲ್ವೇನೋ?"

ಕೊನೆಯ ಸಲ ಹೋದಾಗ ಅವನು ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಮಾತಿಗಿಂತ ಕೆಮ್ಮೇ ಹೆಚ್ಚು. ಹೇಳಿಬಿಡಬೇಕೆಂದೇ ಹೋಗಿದ್ದೆ. ಅವನು ಅದನ್ನೇ ಕೇಳಿದ.

"ಹೂಂ," ಎಂದೆ. "ನೆರಳು ಸಾಲ್ಲಿಲ್ಲ. ನಾನು ಅವತ್ತೇ ನೋಡಿದ್ದೆ."

ಅವನು ಕಣ್ಣು ಮುಚ್ಚಿದ. "ಒಂದು ಮಗ್ಗುಲಿಗೆ ಬಿಸ್ಲು ಬಿತ್ತೇನೋ," ಎಂದ. "ಇನ್ನಷ್ಟು ಬೇಗ ಎಳೀಬೇಕಿತ್ತು ನಾನು."