ದ್ಯಾಮಪ್ಪನ ಗಂಗೆದೊಗಲು

ದ್ಯಾಮಪ್ಪನ ಮುಂದೆ ಎತ್ತಿನ ವಯಸ್ಸು ಮುಚ್ಚಿಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಅವನು ಹಿರೇಕೆರೂರಿನ ದನದ ದಲ್ಲಾಳಿ. ಸಂತೆಗೆ ಅವನು ಬಂದನೆಂದರೆ, ಕೊಂಬು ಹೆರೆದು ಎಣ್ಣೆ ಸವರಿ ಮುದಿ ಎತ್ತನ್ನು ಹರೆಯದ್ದೆಂದು ನಿಲ್ಲಿಸಿದವರು ಹಗ್ಗ ಬಿಚ್ಚಿಕೊಂಡು ಬೇರೆ ಮರದ ನೆರಳಿಗೆ ಸರಿಯುತ್ತಿದ್ದರು. ಹಲ್ಲು ನೋಡುವುದು ಆಮೇಲಿನ ಮಾತು. ಮೊದಲು ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ಬಿಡುವನು. ಅದು ಎಷ್ಟು ಬೇಗ ತನ್ನ ಜಾಗಕ್ಕೆ ಹೋಗಿ ಕೂಡುತ್ತದೆಂದು ನೋಡಿ, "ಇದು ನಿಮ್ಮ ದೊಡ್ಡಪ್ಪನ ಲಗ್ನದಾಗ ಚಕ್ಕಡಿ ಎಳದಿದ್ದ ಎತ್ತಲ್ಲೇನೋ?" ಎನ್ನುವನು. ಮಾರುವವನು ಅಲ್ಲಿಗೆ ಸೋತು ಬೀಡಿ ಹಚ್ಚುತ್ತಿದ್ದ.

ಇಂಥ ದ್ಯಾಮಪ್ಪ ಒಂದು ಮುಂಜಾನೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಗದ್ದದ ಕೆಳಗಿನ ತೊಗಲು ಬಕಲ್ಲಿಗೆ ಸಿಕ್ಕಿ ಚೀರಿದ. ಬಿಡಿಸಿಕೊಂಡವನು, ರೂಢಿಯಂತೆ, ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ಬಿಟ್ಟು ಬೈಕಿನ ಕನ್ನಡಿಯಲ್ಲಿ ನೋಡಿದ. ಅದು, ತವರಿನಿಂದ ಹೊರಟ ಹೆಣ್ಣುಮಗಳಂತೆ, ನಿಂತು ನಿಂತು, ಹಿಂದೆ ತಿರುಗಿ ನೋಡುತ್ತ ತನ್ನ ಜಾಗಕ್ಕೆ ಹೋಯಿತು.

"ಈ ಎತ್ತು ಪುಕ್ಕಟೆ ಕೊಟ್ರೂ ನಾ ಒಯ್ತಿದ್ದಿಲ್ಲ" ಎಂದ, ಕನ್ನಡಿಗೆ.

ಬೇರೆ ದಿನವಾಗಿದ್ದರೆ ನಕ್ಕು ಬಿಡುತ್ತಿದ್ದ. ಆದರೆ ಮುಂದಿನ ತಿಂಗಳು ಹೆಣ್ಣು ನೋಡಲು ಹೋಗುವುದಿತ್ತು. ನಾಲ್ಕು ತಾಲೂಕಿನ ಎತ್ತುಗಳಿಗೆ ಜೋಡಿ ಹುಡುಕಿ ಕೊಡುವ ಗದ್ದಲದಲ್ಲಿ ತನಗೊಂದು ಜೋಡಿ ಬೇಕೆಂಬುದನ್ನೇ ಮರೆತಿದ್ದ ಮನುಷ್ಯ ಅವನು. ಖಾನಾವಳಿಯಲ್ಲಿ ಉಂಡು ಬಂದು, ಟಿವಿಯಲ್ಲಿ ಸುದ್ದಿ ಓದುವಾಕೆಗೆ "ಹೌದೇನವಾ?" ಎಂದು ಉತ್ತರ ಕೊಡುವ ಮಟ್ಟಕ್ಕೆ ಒಂಟಿತನ ಮುಟ್ಟಿದಾಗ, ಹಾನಗಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ಫಾರೂಕ ಒಂದು ಸಂಬಂಧ ತಂದ. ಹತ್ತಿಮತ್ತೂರಿನ ಜಯಶ್ರೀ, ಅಂಗನವಾಡಿ ಟೀಚರು. ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯನ್ನು ಮುಂದೆ ಮುಂದೆ ತಳ್ಳಿದಾಕೆ. ಫೋಟೋಗಳು ಅತ್ತಿತ್ತ ಹೋದವು. ಆಕೆಯಿಂದ ಮೊಬೈಲಿಗೆ ಒಂದು ಧ್ವನಿಸಂದೇಶ ಬಂತು.

"ಫೋಟೋ ನೋಡಿದೆ. ಬರ್ರಿ, ಎದುರಿಗೆ ಕುಂತು ಮಾತಾಡೂಣು. ಒಂದ ಮಾತು, ನನಗ ಸುಳ್ಳು ಆಗಿಬರಂಗಿಲ್ಲ."

ಆ ದನಿಯನ್ನು ದ್ಯಾಮಪ್ಪ ಎಷ್ಟು ಸಲ ಕೇಳಿದನೆಂದರೆ, ಚಹಾದಂಗಡಿಯವನಿಗೂ ಅದು ಬಾಯಿಪಾಠವಾಯಿತು. ಎದೆ ತಂಪಾಗುತ್ತಿತ್ತು, ಕೊನೆಯ ಮಾತು ಬಂದಾಗ ಮಾತ್ರ ಕೈ ಕೊರಳಿಗೆ ಹೋಗುತ್ತಿತ್ತು. ಯಾಕೆಂದರೆ ಫಾರೂಕ ಗೆಳೆತನದ ಭರದಲ್ಲಿ ಫೋಟೋದೊಳಗಿನ ಕೊರಳನ್ನು ಕಂಪ್ಯೂಟರಿನಲ್ಲಿ ತಿಕ್ಕಿ ತೀಡಿ ಬಿಗಿ ಮಾಡಿದ್ದ. ವಯಸ್ಸನ್ನೂ ನಲವತ್ತೈದಕ್ಕೆ ಬಿಗಿ ಮಾಡಿ ಹೇಳಿದ್ದ. ದ್ಯಾಮಪ್ಪ ಎರಡನ್ನೂ ತಿದ್ದಿರಲಿಲ್ಲ.

"ಲೇ ಫಾರೂಕ, ಇದು ನನ್ನ ಕೊರಳಲ್ಲೋ. ನಾ ಹತ್ತನೇ ಇಯತ್ತೆ ಫೇಲಾದಾಗ ಇಂಥಾದ್ದಿತ್ತು."

"ಫೇಲಾಗಿದ್ದು ನೀ, ದ್ಯಾಮಣ್ಣ. ಕೊರಳೇನು ಮಾಡಿತ್ತು ಪಾಪ? ಈಗ ಫೋಟೋ ವಾಪಸ್ ತರಾಕ ಬರಂಗಿಲ್ಲ."

"ಹಂಗಾರ ಕೊರಳನ್ನ ಫೋಟೋದ ಹಂತ್ಯಾಕ ಒಯ್ಯಬೇಕು."

ಹೀಗೆ ಅವನು ಶಿಗ್ಗಾಂವಿ ದಾಟಿ ಹುಬ್ಬಳ್ಳಿಗೆ ಹೋಗಿ, ಚರ್ಮದ ಡಾಕ್ಟರು ತನುಜಾ ಅವರ ಎದುರು ಕುಳಿತ. ಅವರು ಗದ್ದ ಎತ್ತಿಸಿ, ತೊಗಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ಬಿಟ್ಟರು. ಇಷ್ಟು ವರ್ಷ ತಾನು ಎಳೆದು ಬಿಟ್ಟ ಎತ್ತುಗಳೆಲ್ಲ ಕಣ್ಣ ಮುಂದೆ ಬಂದು ನಿಂತಂತಾಯಿತು. ಪಾಪ, ಒಂದೂ ಹಾಯ್ದಿರಲಿಲ್ಲ.

"ಕೊಯ್ಯದೆ ಬಿಗಿ ಮಾಡಬೇಕಂದ್ರೆ ಮೂರು ದಾರಿ ಅವ ನೋಡ್ರಿ" ಎಂದರು ಡಾಕ್ಟರು. "ಒಂದು ರೇಡಿಯೋ ತರಂಗ. ಚರ್ಮದ ಒಳಗ ಬಿಸಿ ಮಾಡತದ, ನಾಕೈದು ಸಲ ಬರಬೇಕಾಗ್ತದ. ಇನ್ನೊಂದು ಅಲ್ಟ್ರಾಸೌಂಡ್. ಅದು ಇನ್ನೂ ಆಳಕ್ಕ ಹೋಗ್ತದ, ಬಹಳ ಮಂದಿಗೆ ಒಂದ ಸಲ ಸಾಕು. ಆದ್ರ ನೋವು ಜಾಸ್ತಿ. ಮೂರನೇದು ಲೇಸರ್. ಮ್ಯಾಲಿನ ಸಣ್ಣ ಸುಕ್ಕಿಗೆ ಅಡ್ಡಿಯಿಲ್ಲ. ಯಾವುದಾದ್ರೂ ಗುಣ ಕಾಣಾಕ ಎರಡು ಮೂರು ತಿಂಗಳು ಬೇಕು. ಇಪ್ಪತ್ತರ ಕೊರಳು ಮಾತ್ರ ಯಾವುದರಿಂದನೂ ಬರಂಗಿಲ್ಲ."

"ಮೂರರಾಗ ಗಟ್ಟಿ ದುಡಿಯೂದು ಯಾವುದ್ರಿ?"

"ಅವೇನು ಎತ್ತೇನ್ರಿ?"

ಸಾವಿರ ಎತ್ತು ಆರಿಸಿ ಕೊಟ್ಟ ದ್ಯಾಮಪ್ಪ ಒಂದು ಯಂತ್ರ ಆರಿಸಲಾಗದೆ, ಕೋಣೆಯಲ್ಲಿದ್ದ ಮೂರರ ಸುತ್ತಲೂ ಒಂದು ಸುತ್ತು ಬಂದ. ಒಂದರ ಮಗ್ಗುಲನ್ನು ತಟ್ಟಿಯೂ ನೋಡಿದ. ಕಡೆಗೆ ದಲ್ಲಾಳಿಗೆ ಹೊಳೆಯುವುದೇ ಹೊಳೆಯಿತು.

"ಡಾಕ್ಟರ್ ಬಾಯಾರ, ನಮ್ಮ ಕಡೆ ಎತ್ತು ಕೊಳ್ಳೂ ಮೊದ್ಲ ಒಂದಿನ ಗಳೇ ಹೂಡಿ ನೋಡ್ತೀವ್ರಿ. ನೀವೂ ಈ ರೇಡಿಯೋದ್ದು ಒಂದ್ ಮಗ್ಗಲಾ ಮಾಡಿ ತೋರಿಸ್ರಿ. ಪಸಂದ ಬಿದ್ರ ಇನ್ನೊಂದು ಮಗ್ಗಲಾ."

"ಹಿಂಗ ಇಲ್ಲೀತನ ಯಾರೂ ಕೇಳಿಲ್ರಿ" ಎಂದು ಡಾಕ್ಟರು ನಕ್ಕರು. ಬೇಡವೆಂದು ಹೇಳಿ ನೋಡಿದರು. ದಲ್ಲಾಳಿಯೊಡನೆ ವಾದಿಸಿ ಗೆದ್ದವರುಂಟೇ? ಎಡಗಡೆಯ ಕೊರಳಿಗೆ ಯಂತ್ರ ಆಡಿತು. ಬಿಸಿ ಹಂಚಿನ ಮುಂದೆ ಕುಳಿತು ರೊಟ್ಟಿ ಬಡಿದಂತೆ ಕಾವು. "ಇವತ್ತು ಬಿಗಿ ಕಂಡದ್ದು ಬಾವು ಇರ್ತದ, ಅದನ್ನ ನಂಬಬ್ಯಾಡ್ರಿ. ಯೋಚನೆ ಮಾಡಿ ಮುಂದಿನ ವಾರ ಬರ್ರಿ" ಎಂದು ಕಳಿಸಿದರು.

ದ್ಯಾಮಪ್ಪ ನಂಬಿದ. ಬಸ್ಸಿನ ಕಿಟಕಿಯ ಗಾಜಿನಲ್ಲಿ ಎಡ ಕೊರಳು ನೋಡಿಕೊಂಡು ಹಿಗ್ಗಿದ. ಬಲಕ್ಕೆ ತಿರುಗಿದಾಗ ಅಲ್ಲಿ ಅವನ ಚಿಕ್ಕಪ್ಪ ಕುಳಿತಂತೆ ಕಂಡಿತು. ಫಾರೂಕ ಮಾತ್ರ ಕನ್ನಡಕ ಏರಿಸಿ ನೋಡಿ, "ಎರಡೂ ಒಂದ ನಮೂನಿ ಅದಾವಲ್ಲೋ" ಎಂದ. ಅವನಿಗೆ ಕಣ್ಣಿನ ತಪಾಸಣೆ ಆಗಬೇಕೆಂದು ದ್ಯಾಮಪ್ಪ ತೀರ್ಮಾನಿಸಿದ.

ಆ ಸಂಜೆಯೇ ಜಯಶ್ರೀಯ ತಾಯಿ ವೀರವ್ವನ ಫೋನು ಬಂತು. ಮುಂದಿನ ತಿಂಗಳು ಮಗಳಿಗೆ ಸರ್ವೇ ಕೆಲಸ ಹಚ್ಚಿದ್ದಾರೆ, ಬರುವುದಿದ್ದರೆ ನಾಳೆಯೇ ಬರ್ರಿ. ಜೋಡಿಯಲ್ಲಿ ಒಂದೇ ಎತ್ತಿಗೆ ಸಿಂಗಾರ ಮಾಡಿ ಸಂತೆಗೆ ಹೊಡೆದುಕೊಂಡು ಹೋದ ಹುಂಬನನ್ನು ದ್ಯಾಮಪ್ಪ ಈವರೆಗೆ ಕಂಡಿರಲಿಲ್ಲ. ಮರುದಿನ ಆ ಹುಂಬ ತಾನೇ ಆಗಿ, ಹೆಗಲ ಮೇಲೆ ಟಾವೆಲ್ ಹಾಕಿಕೊಂಡು, ಫಾರೂಕನ ಜೊತೆ ಹತ್ತಿಮತ್ತೂರಿಗೆ ಹೊರಟ.

ಪಡಸಾಲೆಯಲ್ಲಿ ಎಡ ಮಗ್ಗುಲು ಅಡುಗೆಮನೆಯ ಬಾಗಿಲಿಗೆ ಬರುವಂತೆ ಕುರ್ಚಿ ತಿರುಗಿಸಿಕೊಂಡು ಕುಳಿತ. ಅವನ ಮುಖದ ಎದುರಿಗೆ ಈಗ ಜೋಳದ ಚೀಲಗಳಿದ್ದವು. ಅವುಗಳೊಡನೆಯೇ ಕುಶಲ ಮಾತಾಡಿದ.

"ಯಾಕ್ರಿ, ಕೊರಳು ಉಳುಕೇತೇನು? ಒಂದೀಟು ಎಣ್ಣಿ ಕಾಸಿ ಕೊಡ್ಲೇನು?" ಎಂದಳು ವೀರವ್ವ.

"ಇಲ್ರೀ, ನನಗ ಚೀಲ ನೋಡೂದಂದ್ರ ಬಾಳ ಸೇರ್ತೇತಿ."

ಜಯಶ್ರೀ ಚಹಾ ತಂದಳು. ತಂದವಳು ಎಡಕ್ಕೆ ಕೂಡಲಿಲ್ಲ. ಸೀದಾ ಹೋಗಿ ಬಲಕ್ಕೆ ಕುಳಿತಳು. ದ್ಯಾಮಪ್ಪ ಕುರ್ಚಿ ತಿರುಗಿಸಿದ. ಅವಳು ಎದ್ದು ಮತ್ತೆ ಬಲಕ್ಕೆ ಬಂದಳು. ಚಿಕ್ಕ ಮಕ್ಕಳ ಬೆನ್ನು ಹತ್ತಿ ಪಳಗಿದ ಕಾಲು ಅವು.

"ಆ ಮಗ್ಗಲದಾಗ ಏನ್ ಮುಚ್ಚಿ ಇಟ್ಟೀರಿ?"

ಅವನು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ನೋಡಿದ್ದು ದಲ್ಲಾಳಿಯ ಕಣ್ಣು. ಇವಳೂ ಫೋಟೋದವಳಲ್ಲ, ಕಣ್ಣಿನ ಸುತ್ತ ನಗೆಯ ಗೆರೆಗಳಿದ್ದವು, ಗದ್ದದ ಕೆಳಗೆ ಒಂದು ಮಡಿಕೆ. ಫೋಟೋಕ್ಕಿಂತ ಚೆಂದವಿದ್ದಳು. ಅವನು ಫಾರೂಕನ ಕಡೆ ತಿರುಗಿದ. ಫಾರೂಕ ಮೇಲಿನ ಫ್ಯಾನಿನ ರೆಕ್ಕೆಗಳನ್ನು ಪರೀಕ್ಷೆ ಮಾಡುತ್ತಿದ್ದ.

"ನಮ್ಮಪ್ಪನೂ ಸವಣೂರ ಸಂತ್ಯಾಗ ದಲ್ಲಾಳಿ ಇದ್ರು" ಎಂದಳು ಜಯಶ್ರೀ, ದನಿ ತಗ್ಗಿಸಿ. "ಅವ್ವಗ ಕೇಳೂದು ಬ್ಯಾಡ. ಆ ಟಾವೆಲ್ ಇಲ್ಲೆ ಕೊಡ್ರಿ. ವಯಸ್ಸು ಹೇಳ್ರಿ."

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಟಾವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಸುತ್ತಲಿನವರಿಗೆ ತಿಳಿಯದಂತೆ ಮುಗಿಸುತ್ತಾರೆ. ಬಾಯಿಂದ ದ್ಯಾಮಪ್ಪ ಬೇಕಾದಷ್ಟು ಸುಳ್ಳು ಹೇಳಿದವನು. ಟಾವೆಲ್ಲಿನ ಕೆಳಗೆ ಮಾತ್ರ ಅವನ ಬೆರಳು ಎಂದೂ ಸುಳ್ಳಾಡಿರಲಿಲ್ಲ. ಅಲ್ಲಿ ಸುಳ್ಳಾಡಿದವನ ಟಾವೆಲ್ಲನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ.

ಟಾವೆಲ್ಲಿನ ಕೆಳಗೆ ಅವಳು ಅವನ ನಾಲ್ಕು ಬೆರಳು ಹಿಡಿದು ಹತ್ತಿನ ಲೆಕ್ಕವೆಂಬಂತೆ ಒತ್ತಿದಳು. ನಲವತ್ತು. ಇದಕ್ಕೆ ಹೂಂ ಎಂದು ಮೇಲೆ ಐದು ಸೇರಿಸಿದರೆ ಫೋಟೋ ಉಳಿಯುತ್ತಿತ್ತು. ಇಲ್ಲವೆಂದರೆ ಈ ಕೈಯೇ ಹೋಗಬಹುದು. ದ್ಯಾಮಪ್ಪ ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನೂ ಅವಳ ಮುಷ್ಟಿಗೆ ಕೊಟ್ಟ. ಐವತ್ತು. ಆಮೇಲೆ ಬಿಡಿಸಿಕೊಂಡು, ಇನ್ನೂ ಮೂರು ಬೆರಳು.

ಕೈ ಹೋಗಲಿಲ್ಲ. ಈಗ ಅದು ತನ್ನ ಲೆಕ್ಕ ಕೊಡತೊಡಗಿತು. ಅವಳ ವಯಸ್ಸೆಂದು ಫಾರೂಕ ಹೇಳಿದ್ದು ನಲವತ್ತೊಂದು. ಬೆರಳುಗಳು ಹೇಳಿದ್ದು ನಲವತ್ತೆಂಟು.

"ಸುಳ್ಳು ಆಗಿಬರಂಗಿಲ್ಲ ಅಂದಿದ್ರಿ?" ಎಂದ ದ್ಯಾಮಪ್ಪ, ಮೆಲ್ಲಗೆ.

"ಬ್ಯಾರೇದವ್ರದು ಅಂದಿದ್ದೆ."

"ಹಂಗಾರ ಇದನ್ನೂ ಕೇಳಿಬಿಡ್ರಿ. ಈ ಎಡಗಡೀದಕ್ಕ ಹುಬ್ಬಳ್ಯಾಗ ಇಸ್ತ್ರಿ ಹೊಡಿಸೇನಿ. ಬಲಗಡೀದು ಬಾಕಿ ಉಳದೈತಿ."

ಜಯಶ್ರೀ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ನೋಡಿದಳು. ನಗು ತಡೆಯಲು ಸೆರಗು ಬಾಯಿಗೆ ಹಚ್ಚಿದಳು.

"ನನಗೇನೂ ಫರಕ ಕಾಣವಲ್ದು."

"ಫಾರೂಕನೂ ಹಂಗ ಅಂದ. ಬಲಗಡೀದು ಮಾಡಿಸ್ಲೋ ಬ್ಯಾಡೋ?"

"ಬ್ಯಾಡ ಬಿಡ್ರಿ. ಎಡ ಮಗ್ಗಲಾ ಊರಾಗಿನ ಮಂದಿಗೆ ತೋರಿಸ್ರಿ. ಬಲದ್ದು ನನ್ನ ಕಡೆ ಇರ್ಲಿ."

ದ್ಯಾಮಪ್ಪ ಕುರ್ಚಿಯನ್ನು ಪೂರ್ತಿ ತಿರುಗಿಸಿ, ಜೋಳದ ಚೀಲಗಳಿಗೆ ಬೆನ್ನು ಮಾಡಿ ಕುಳಿತ. ಒಳಗಿನಿಂದ ಚುರುಮುರಿ ತಂದ ವೀರವ್ವ ಟಾವೆಲ್ಲನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದಳು. ಅವಳೂ ದಲ್ಲಾಳಿಯ ಹೆಂಡತಿಯಾಗಿ ಬಾಳಿದವಳೇ.

"ವ್ಯಾಪಾರ ಕುದ್ರಿತ್ತಂದ್ರ ಇನ್ನ ಟಾವೆಲ್ ತಗೀರೆಪಾ" ಎಂದಳು. "ಚಾ ಆರಾಕತ್ತೈತಿ."