ಹೆಸರು ಹೊಡೆಯುವ ರಸೂಲಸಾಬ

ರಸೂಲಸಾಬ ಚೀಟಿ ನೋಡಿ ಹೆಸರು ಹೊಡೆದವನಲ್ಲ. ಹಿತ್ತಾಳೆಯ ಸಮೆ ತಂದವರು ಅದರ ಮೇಲೆ ಬೇಕಾದ ಹೆಸರನ್ನು ಬಾಯಿಬಿಟ್ಟು ಮೂರು ಸಲ ಹೇಳಬೇಕು. ಅಷ್ಟು ಹೊತ್ತೂ ಅವನು ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು, ತೂಕಡಿಸುವವನ ಹಾಗೆ ಕೂತಿರುತ್ತಿದ್ದ. ಮೂರನೆಯ ಸಲಕ್ಕೆ ಕಣ್ಣು ತೆರೆದು ಉಳಿ ಎತ್ತಿಕೊಂಡನೆಂದರೆ ಚುಕ್ಕಿಯ ಪಕ್ಕ ಚುಕ್ಕಿ ಇಡುತ್ತಾ ಟಕಟಕನೆ ಹೆಸರು ಮುಗಿಸಿಬಿಡುತ್ತಿದ್ದ. ರಾಯಚೂರಿನ ಬಜಾರಿನಲ್ಲಿ ಪಾತ್ರೆ ಅಂಗಡಿಯೊಂದರ ಕಟ್ಟೆಯೇ ಅವನ ಜಾಗ. ನಮ್ಮ ಕಡೆ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಜೋಡಿ ಸಮೆ ಕೊಡುತ್ತಾರೆ, ದೇವರ ಮುಂದೆ ಹಚ್ಚುವ ಎತ್ತರದ ಎಣ್ಣೆದೀಪ. ಹೆಸರಿಲ್ಲದ ಸಮೆ ಕೊಟ್ಟರೆ ಬೀಗರು ಆಡಿಕೊಳ್ಳುತ್ತಾರೆ. ಹೀಗಾಗಿ ಮದುವೆಯ ದಿನಗಳಲ್ಲಿ ಅವನ ಮುಂದೆ ಜನ ಮುಕುರಿಕೊಂಡಿರುತ್ತಿದ್ದರು.

ನಾನು ದೇವದುರ್ಗದಿಂದ ರಾಯಚೂರಿಗೆ ಓಡಾಡುವ ಬಸ್ಸಿನ ಕಂಡಕ್ಟರ್. ರಾಯಚೂರಿನಲ್ಲಿ ಬಸ್ಸು ನಿಲ್ಲುವ ಮುಕ್ಕಾಲು ಗಂಟೆಯನ್ನು ಅವನ ಕಟ್ಟೆಯ ಮೇಲೆ ಕಳೆಯುತ್ತಿದ್ದೆ. ಚಹಾ ಅವನದು, ಸುದ್ದಿ ನನ್ನದು. ಗಿರಾಕಿಗಳಿಗೆ ಅವನು ಸೊಪ್ಪು ಹಾಕುತ್ತಿರಲಿಲ್ಲ. ಒಮ್ಮೆ ಮಟಮಾರಿಯ ಯಜಮಾನನೊಬ್ಬ ಸಮೆಯ ಮೇಲೆ ಮಗಳ ಹೆಸರು, ಅಳಿಯನ ಹೆಸರು, ತನ್ನ ಹೆಸರು, ಊರು, ಕೊನೆಗೆ ಮೊಬೈಲ್ ನಂಬರೂ ಬೇಕೆಂದ.

“ಇದು ಸಮೆ ಅದರೀ, ಇವರ ಬಸ್ಸಿನ ಬೋರ್ಡ್ ಅಲ್ಲ. ಹಚ್ಚೋ ಹುಡಗಿ ಹೆಸರು ಹೇಳ್ರಿ, ಸಾಕು,” ಎಂದು ರಸೂಲಸಾಬ ನನ್ನತ್ತ ಕೈ ತೋರಿಸಿದ.

ಅವನಿಗೆ ಇನ್ನೊಂದು ಹಠವಿತ್ತು. ಹೊಡೆದ ಹೆಸರನ್ನು ಅಳಿಸುತ್ತಿರಲಿಲ್ಲ. ಮಾನ್ವಿಯ ಅಣ್ಣತಮ್ಮಂದಿರಿಬ್ಬರು, ಪಾಲಿಗೆ ಬಂದ ಸಮೆಗಳ ಮೇಲಿಂದ ತಾಯಿಯ ಹೆಸರು ತೆಗೆಸಿ ತಂತಮ್ಮ ಹೆಂಡಿರ ಹೆಸರು ಹಾಕಿಸಬೇಕೆಂದು ಬಂದಾಗ ನಾನೂ ಅಲ್ಲಿದ್ದೆ.

“ಯವ್ವನ ಹೆಸರಿನ ಕೆಳಗ ಜಾಗಾ ಅದ. ಅಲ್ಲಿ ಬೇಕಾದ್ರ ಹೊಡಿತೀನಿ. ತೆಗಿಯಾಕ ನನ್ನ ಕಡಿ ಬರಬ್ಯಾಡ್ರಿ,” ಎಂದ.

ಅವರು ಗೊಣಗುತ್ತಾ ಕೆಳಗೇ ಹೊಡೆಸಿಕೊಂಡು ಹೋದರು. ಸೊಸೆಯಂದಿರನ್ನು ಅತ್ತೆಯ ಕಾಲ ಬುಡದಲ್ಲಿ ಕೂಡಿಸಿದೆಯಲ್ಲ ಎಂದು ನಾನು ಕಾಡಿದೆ. ಅವನು ನಗುತ್ತಾ ಇನ್ನೊಂದು ಕಪ್ ಚಹಾ ತರಿಸಿದ.

ನನ್ನ ಒಬ್ಬಳೇ ಮಗಳು ಸವಿತಾಳ ಮದುವೆ ಗೊತ್ತಾದಾಗ ಅವಳ ಹೆಸರನ್ನು ನಾನೇ ಮೂರು ಸಲ ಹೇಳಿದೆ. “ಇನ್ನೊಮ್ಮಿ ಹೇಳು, ಕಿವಿ ತುಂಬಲಿಲ್ಲ,” ಎಂದು ನಾಲ್ಕನೆಯ ಸಲವೂ ಹೇಳಿಸಿ, ಜೋಡಿ ಸಮೆಗಳ ಬುಡದ ಮೇಲೆ ಹೊಡೆದುಕೊಟ್ಟ. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಸವಿತಾಳಿಗೆ ಜ್ವರ ಬಂತು. ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಹನ್ನೊಂದನೆಯ ದಿನ ಹೋಗಿಬಿಟ್ಟಳು.

ನಾನು ಅಳಲಿಲ್ಲ. ದಿನಕರ್ಮ ಮುಗಿಸಿ ಡ್ಯೂಟಿಗೆ ಹೋದೆ. ಟಿಕೆಟು ಹರಿದೆ, ಸೀಟಿಗಾಗಿ ಕಚ್ಚಾಡುವವರನ್ನು ಗದರಿದೆ, ಹೊತ್ತಿಗೆ ಸರಿಯಾಗಿ ಉಂಡೆ. ಎಲ್ಲರೂ ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ನನಗೆ ಯಾವುದೂ ತಾಗುತ್ತಿರಲಿಲ್ಲ, ಅಷ್ಟೇ. ನನ್ನ ಹೆಂಡತಿ ಶಾಂತಾ ಮಗಳ ಹೆಸರು ಹೇಳುವುದನ್ನೇ ಬಿಟ್ಟಳು. ಮೊದಮೊದಲು “ಆಕಿ” ಎನ್ನುತ್ತಿದ್ದಳು, ಆಮೇಲೆ ಅದೂ ನಿಂತಿತು. ಸಮೆಗಳು ಗೋಣಿಚೀಲದಲ್ಲಿ ಅಟ್ಟ ಸೇರಿದವು. ವರ್ಷ ಕಳೆದ ಮೇಲೆ ಮಾನ್ವಿಯಲ್ಲಿ ನನ್ನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು.

“ಅಟ್ಟದ ಮ್ಯಾಲಿನವು ಆಕಿಗೆ ಕೊಟ್ಟಬಿಡ್ರಿ. ಆದ್ರ ಹೆಸರು ತೆಗಿಸ್ರಿ. ಲಗ್ನ ಆಗದ ಹೋದವರ ಹೆಸರು ಹೊಸ ಮನಿಗೆ ಹೋಗಬಾರದು,” ಎಂದಳು ಶಾಂತಾ.

ಯಾರ ಹತ್ತಿರವಾದರೂ ತೆಗೆಸಬಹುದಿತ್ತು. ಹೊಡೆದವನ ಕೈಯಿಂದಲೇ ಆಗಲಿ ಎನಿಸಿತು. ರಸೂಲಸಾಬನ ಹಠ ನನಗೆ ಗೊತ್ತಿತ್ತು, ಆದರೆ ಅವನು ಆಗುವುದಿಲ್ಲ ಎನ್ನಲಿಲ್ಲ. ಲೋಹ ಉಜ್ಜುವ ಕಾನಸು ಸರಿಯಿಲ್ಲ, ಮುಂದಿನ ವಾರ ಬಾ ಎಂದ. ಮುಂದಿನ ವಾರ ಕಣ್ಣು ಮಂಜಾಗಿದೆ ಎಂದ. ಅದರ ಮುಂದಿನ ವಾರ ರಟ್ಟೆ ನೋವು. ಹೀಗೆ ನಾಲ್ಕು ವಾರ ಆ ಚೀಲ ನನ್ನ ಸೀಟಿನ ಕೆಳಗೆ ಕೂತು ದೇವದುರ್ಗ, ರಾಯಚೂರು ತಿರುಗಿತು. ಐದನೆಯ ವಾರ ನನಗೆ ಸಿಟ್ಟು ಬಂತು.

“ಏನ್ ಆಟ ಹಚ್ಚೀದಿ ಸಾಬ? ಲಗ್ನ ಹತ್ರ ಬಂತು. ತೆಗಿತೀಯೋ ಇಲ್ಲೋ?”

“ಹಿಡಕೊ,” ಎಂದ.

ನಾನು ಸಮೆ ಅಲ್ಲಾಡದಂತೆ ಎರಡೂ ಕೈಯಿಂದ ಹಿಡಿದೆ. ಅವನು ಬುಡದ ಮೇಲಿನ ಹೆಸರನ್ನು ಮೆಲ್ಲಗೆ ಉಜ್ಜಿದ. ಹಿತ್ತಾಳೆಯ ಪುಡಿ ನನ್ನ ಖಾಕಿ ಪ್ಯಾಂಟಿನ ಮೇಲೆ ಉದುರಿತು. ಸ್ವಲ್ಪ ಹೊತ್ತಿನಲ್ಲಿ ಎರಡೂ ಸಮೆಗಳ ಮೇಲೆ ಏನೂ ಉಳಿಯಲಿಲ್ಲ. ನಾನು ಗಡಿಯಾರ ನೋಡಿಕೊಂಡೆ, ಬಸ್ಸಿಗೆ ಹೊತ್ತಾಗಿತ್ತು. ಏಳಲು ಹೊರಟ ನನ್ನ ಕೈಯನ್ನು ರಸೂಲಸಾಬ ಹಿಡಿದು, ಸಮೆಯನ್ನು ಬೋರಲು ಮಾಡಿ, ನನ್ನ ಬೆರಳನ್ನು ಅದರ ಟೊಳ್ಳು ಬುಡದೊಳಗೆ ಇಟ್ಟ. ಬುಡದ ಹಿತ್ತಾಳೆ ತೆಳು. ಹೊರಗೆ ಉಳಿ ಬಿದ್ದ ಕಡೆಯಲ್ಲೆಲ್ಲ ಒಳಗೆ ಸಣ್ಣ ಗುಳ್ಳೆ ಎದ್ದಿತ್ತು.

“ಇಲ್ಲಿ ನನ್ನ ಕಾನಸು ಹೋಗೂದಿಲ್ಲ. ಅದಕ್ಕ ನಾ ಯಾರದೂ ತೆಗಿಯಾಂಗಿಲ್ಲ, ತೆಗದೀನಿ ಅಂದ್ರ ಸುಳ್ಳಾಗತದ. ನೀ ಕೇಳಿದಿ, ಹೊರಗಿಂದು ತೆಗದೀನಿ. ಯಾರಿಗೂ ಕಾಣೂದಿಲ್ಲ, ಬೇಫಿಕರ್ ಕೊಡು,” ಎಂದ.

ಹೊಸ ಹೆಸರನ್ನು ಮುಂದಿನ ವಾರ ಹೊಡೆಸುತ್ತೇನೆ ಎಂದು ಹೇಳಿ ಚೀಲ ಎತ್ತಿಕೊಂಡು ಓಡಿದೆ. ಮುಂದಿನ ವಾರ ಕಟ್ಟೆ ಖಾಲಿ ಇತ್ತು. ಎದೆನೋವು ಬಂದು ತೀರಿಕೊಂಡು ನಾಲ್ಕು ದಿನವಾಯಿತು ಎಂದರು ಅಂಗಡಿಯವರು. ಹೆಸರು ಬರೆಯುವ ಯಂತ್ರ ತರಿಸಿದ್ದೇವೆ, ಚೀಟಿ ಕೊಡಿ ಎಂದೂ ಹೇಳಿದರು. ನಾನು ಬೇಡವೆಂದು ಬಂದು ಬಸ್ಸು ಹತ್ತಿದೆ. ಅವತ್ತೂ ಅಳು ಬರಲಿಲ್ಲ.

ಮನೆಯಲ್ಲಿ ಶಾಂತಾ ಸಮೆಗಳನ್ನು ಚೀಲದಿಂದ ತೆಗೆದು, ಸೆರಗಿನಿಂದ ಬುಡ ಒರೆಸಿ ನೋಡಿದಳು.

“ಚೊಲೋ ತೆಗದಾನ,” ಎಂದಳು.

ಅವನು ತೀರಿಕೊಂಡದ್ದನ್ನು ಹೇಳಿದೆ. ಆಮೇಲೆ ಸಮೆಯನ್ನು ಬೋರಲು ಹಾಕಿ, ಅವಳ ಬೆರಳು ಹಿಡಿದು ಒಳಗಿಟ್ಟೆ. ಏನಿದು ಎಂಬಂತೆ ನನ್ನ ಮುಖ ನೋಡಿದಳು. ಒಳಗಿನಿಂದ ಹೆಸರು ತಿರುವುಮುರುವಾಗಿರುತ್ತದೆ. ಬೆರಳಿಗೆ ಅದು ತಿಳಿಯಲು ಹೊತ್ತು ಹಿಡಿಯಿತು. ಗುಳ್ಳೆಯಿಂದ ಗುಳ್ಳೆಗೆ ಹೋಗಿ, ಮತ್ತೆ ಹಿಂದಕ್ಕೆ ಬಂದಳು.

“ಸವಿತಾ,” ಎಂದಳು.

ನಮ್ಮ ಮನೆಯಲ್ಲಿ ಆ ಹೆಸರು ಕೇಳಿ ವರ್ಷವಾಗಿತ್ತು. ನನಗೆ ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತೆ. ಶಾಂತಾ ನನ್ನನ್ನು ಸಮಾಧಾನ ಮಾಡಲಿಲ್ಲ.

“ಮಾನ್ವಿಗೆ ಬ್ಯಾರೆ ಜೋಡಿ ತರ್ರಿ,” ಎಂದಳು. ಎಂದವಳು ಎರಡನೆಯ ಸಮೆಯನ್ನು ಹತ್ತಿರ ಎಳೆದುಕೊಂಡು ಅದನ್ನೂ ಬೋರಲು ಹಾಕಿದಳು.